ಸಹಾಯ ಬೇಕು: ಇಂಗ್ಲಿಷಿನ ಪುಲ್ಲಿಂಗ, ಸ್ತ್ರೀಲಿಂಗ ಮಕ್ಕಳಿಗೆ ಹೇಗೆ ಹೇಳಿಕೊಡೋದು?

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಸಂಜೆ ಹೊತ್ತು ಕನ್ನಡ ಮಾಧ್ಯಮದ ಒಂಬತ್ತು ಮಕ್ಕಳಿಗೆ ನಮ್ಮ ಜಗಲಿ ಮೇಲೆ ಇಂಗ್ಲಿಷ್ ಹೇಳಿಕೊಡ್ತೀನಿ. ಈಗ ಲಿಂಗದ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೀವಿ.

ಬುಲ್-ಕೌ, ರ‍್ಯಾಮ್-ಯೂ ಬೇಗ ಬಂತು. ಹೋರಿ, ಹಸು, ಟಗರು, ಕುರಿ ಎಲ್ಲಾ ಅವರ ಕಣ್ಣ ಮುಂದೇನೇ ಇವೆ. ಲಯನ್-ಲಯನೆಸ್ ಕಲಿತ ಮೇಲೆ ತೊಡಕು ಶುರುವಾಯ್ತು. ಒಂದು ಹುಡುಗಿ ಟೀಚರ್‌ಗೆ ‘ಟೀಚರೆಸ್’ ಅಂತ ಬರೆದಳು. ಇನ್ನೊಬ್ಬ ಫಾಕ್ಸ್‌ಗೆ ‘ಫಾಕ್ಸೆಸ್’ ಅಂದ. ಅದು ಬಹುವಚನ ಕಣೋ, ಹೆಣ್ಣು ನರಿ ವಿಕ್ಸೆನ್ ಅಂದರೆ ಅವನಿಗೆ ನಂಬಿಕೆ ಬರಲಿಲ್ಲ. ವಿಡೋ (ವಿಧವೆ) ಅನ್ನೋ ಸ್ತ್ರೀಲಿಂಗದಿಂದಲೇ ವಿಡೋವರ್ (ವಿಧುರ) ಹುಟ್ಟಿದ್ದು ಅಂತ ಹೇಳಿದಾಗಲಂತೂ ಎಲ್ಲರೂ ಸುಮ್ಮನಾದರು.

ನನ್ನನ್ನ ಹೆಚ್ಚು ಕಾಡ್ತಿರೋದು ಬೇರೆ. ನಮ್ಮಲ್ಲಿ ಬಂದ, ಬಂದಳು, ಬಂತು ಅಂತ ಕ್ರಿಯಾಪದವೇ ಲಿಂಗ ಹೇಳುತ್ತೆ. ಅಲ್ಲಿ ಮೂರಕ್ಕೂ ‘ಕೇಮ್’ ಒಂದೇ. ಹೀ, ಶೀ, ಇಟ್ ಮಾತ್ರ ಬದಲಾಗುತ್ತೆ. ಹೀಗಾಗಿ ಮಕ್ಕಳು ಅಕ್ಕನಿಗೂ ‘ಹೀ’ ಅಂತಾರೆ. ಇದನ್ನ ಬಿಡಿಸೋಕೆ ಆಟ ಏನಾದರೂ ಇದೆಯಾ?

ಇನ್ನೊಂದು ವಿಷಯ. ನನ್ನ ಹತ್ತಿರ ಇರೋ ಹಳೇ ಗೈಡಿನಲ್ಲಿ ಪೊಯಟೆಸ್, ಆಥರೆಸ್ ಇವೆ. ಈಗ ಹೆಂಗಸರಿಗೂ ಪೊಯಟ್, ಆಥರ್ ಅಂತಲೇ ಬಳಸೋದು. ಪರೀಕ್ಷೆಗೆ ಯಾವುದನ್ನ ಬರೆಸಲಿ? ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡೋ ಮೇಷ್ಟ್ರು, ಮೇಡಂಗಳು ಇದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಮತ್ತೆ ಇದೇ ಪಾಠ ತಗೋಬೇಕು.