ಅಪ್‌ಡೇಟ್: ಸೋಮವಾರದ ಎಲಿಫೆಂಟಾ ತೊಡಕು ಬಗೆಹರಿಯಿತು

ಮುಂಬೈ ನೋಡಲು ಬಂದ ನಮ್ಮ ತಂಡದ ವೇಳಾಪಟ್ಟಿಯಲ್ಲಿ ಎಲಿಫೆಂಟಾ ಗುಹೆಗಳ ಭೇಟಿ ಸೋಮವಾರಕ್ಕೆ, ಅಂದರೆ ಅವು ಮುಚ್ಚಿರುವ ದಿನಕ್ಕೇ, ನಿಗದಿಯಾಗಿದೆ; ಮೊಣಕಾಲು ನೋವಿನ ಅಮ್ಮನನ್ನು ಅಲ್ಲಿನ ಮೆಟ್ಟಿಲು ಹತ್ತಿಸುವುದಾದರೂ ಹೇಗೆ ಎಂದು ಕೇಳಿದ್ದೆ. ಬದಲಿಗೆ ಕಾನ್ಹೇರಿ ಗುಹೆಗಳನ್ನು ನೋಡಿ ಎಂಬ ಸಲಹೆ ಫಲಿಸಲಿಲ್ಲ, ಏಕೆಂದರೆ ಅವುಗಳಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರವೇ ರಜೆ. ಡೊಂಬಿವಲಿಯ ಹಿರಿಯರೊಬ್ಬರು ಸೂಚಿಸಿದಂತೆ ವ್ಯವಸ್ಥಾಪಕರೊಡನೆ ಮಾತನಾಡಿ ಸೋಮವಾರ, ಮಂಗಳವಾರಗಳ ಕಾರ್ಯಕ್ರಮವನ್ನು ಅದಲುಬದಲು ಮಾಡಿಸಿದ್ದೇ ಕೆಲಸಕ್ಕೆ ಬಂತು, ಅವರಿಗೆ ಧನ್ಯವಾದಗಳು. ಸೋಮವಾರ, ಗಾಂಧೀಜಿಯವರು 1917ರಿಂದ 1934ರವರೆಗೆ ಮುಂಬೈಗೆ ಬಂದಾಗ ತಂಗುತ್ತಿದ್ದ ಮಣಿ ಭವನವನ್ನು ನೋಡಿ, ಮಾಟುಂಗಾದಲ್ಲಿ ಬಾಳೆಲೆ ಊಟ ಮುಗಿಸಿದೆವು. ಅಲ್ಲಿನ ಸಾರನ್ನು ಅಮ್ಮ ಮೆಚ್ಚಿಕೊಂಡರು, ಅದೇನೂ ಸಣ್ಣ ಮಾತಲ್ಲ.

ಮರುದಿನ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪಯಣ. ಜೆಟ್ಟಿಯಿಂದ ಮೆಟ್ಟಿಲುಗಳ ಬುಡದವರೆಗೆ ಪುಟಾಣಿ ರೈಲು ಓಡುತ್ತದೆ. ಅಲ್ಲಿಂದ ಮೇಲೆ, ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವ ಡೋಲಿ ಸಿಗುತ್ತದೆಂಬುದು ನನಗೆ ಗೊತ್ತೇ ಇರಲಿಲ್ಲ. ಹೋಗಿಬರುವುದಕ್ಕೆ ಸೇರಿಸಿ ಬಾಡಿಗೆಯನ್ನು ಹತ್ತುವ ಮುನ್ನವೇ ಗೊತ್ತುಮಾಡಿಕೊಳ್ಳಿ. ಸುಮಾರು 20 ಅಡಿ ಎತ್ತರದ ಸದಾಶಿವನ ಮುಂದೆ, ನಮ್ಮ ಎಡಕ್ಕಿರುವ ಉಗ್ರಮುಖವನ್ನೂ ಬಲಕ್ಕೆ ಕಮಲ ಹಿಡಿದ ಸೌಮ್ಯಮುಖವನ್ನೂ ಅಮ್ಮ ಬಹಳ ಹೊತ್ತು ನೋಡುತ್ತಾ ನಿಂತರು. ತಿಂಡಿಯನ್ನು ಮಾತ್ರ ಚೀಲದೊಳಗೇ ಇಟ್ಟುಕೊಳ್ಳಿ, ಮಂಗಗಳ ಕಾಟ ವಿಪರೀತ.