ಡಿಬಿಗೆ (ಮನೆಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆಗೆ) ಲೇಬಲ್ ಹಾಕಿಸಿದವರು ಅನುಭವ ಹೇಳಿ

ಠಾಣೆಯವರು: ಹಳೆಯ ಫ್ಲ್ಯಾಟ್ ಕೊಂಡಿದ್ದೇವೆ. ಡಿಬಿಯಲ್ಲಿ 12 ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಇವೆ, ಒಂದರ ಮೇಲೂ ಹೆಸರಿಲ್ಲ. ಎಲ್ಲ ಸರ್ಕ್ಯೂಟ್ ಹುಡುಕಿ, ಲೇಬಲ್ ಹಚ್ಚಿ, ನಕ್ಷೆ ಬರೆದುಕೊಡಲು ವೈರ್‌ಮನ್ 3,500 ಕೇಳುತ್ತಿದ್ದಾನೆ. ಕೊಡಬಹುದಾ?

ಡೊಂಬಿವಲಿಯವರು: ನಾನು 4,200 ಕೊಟ್ಟೆ. ಮೇಲೆ ವೈರಿಗೆ ನಂಬರ್ ಫೆರೂಲ್ (ತುದಿಗೆ ತೊಡಿಸುವ ನಂಬರ್ ಇರುವ ಕೊಳವೆ) 350, ಸುಟ್ಟ ನ್ಯೂಟ್ರಲ್ ಲಿಂಕ್ (ಕರೆಂಟ್ ವಾಪಸ್ ಬರುವ ನ್ಯೂಟ್ರಲ್ ವೈರುಗಳೆಲ್ಲ ಸೇರುವ ಲೋಹದ ಪಟ್ಟಿ) ಬದಲಿಸಲು 280. ಒಂದು ಪೈಸೆಯೂ ದಂಡ ಅಲ್ಲ. ನಮ್ಮಲ್ಲಿ ಬೆಡ್‌ರೂಮ್ ಫ್ಯಾನ್ ಹಾಕಿದರೆ ಸಾಕು, ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಿತ್ತು. ಹಿಂದಿನ ವೈರ್‌ಮನ್ ಅದೇ ಕೆಟ್ಟಿದೆ ಅಂತ 2,400 ಬಿಚ್ಚಿಸಿದ. ಹೊಸದೂ ಬಿತ್ತು! ಒಂದೊಂದೇ ಸರ್ಕ್ಯೂಟ್ ಹಿಡಿದು ನೋಡಿದಾಗ ಸಿಕ್ಕಿತು: ಫೇಸ್ (ಕರೆಂಟ್ ತರುವ ವೈರು) ಆರ್‌ಸಿಸಿಬಿ ದಾಟಿ ಬಂದಿದೆ, ನ್ಯೂಟ್ರಲ್ ಮಾತ್ರ ಅದನ್ನು ದಾಟದ ಲಿಂಕಿಗೆ ಸೇರಿದೆ. ಹೋದ ಕರೆಂಟ್ ಅದರೊಳಗಿಂದಲೇ ವಾಪಸ್ ಬರದಿದ್ದರೆ 30 ಮಿಲಿಆಂಪ್ ವ್ಯತ್ಯಾಸಕ್ಕೇ ಬೀಳುವಂಥದ್ದು ಬೀಳದೆ ಇನ್ನೇನು?

ಕೋಥ್ರೂಡಿನವರು: ಇದಕ್ಕೂ ದುಡ್ಡು ಕೊಡ್ತಾರಾ? ಒಂದು ಭಾನುವಾರ, ಒಂದು ಟೇಬಲ್ ಲ್ಯಾಂಪ್. ನಾನು ಎಂಸಿಬಿ ಇಳಿಸೋದು, ಹೆಂಡತಿ ಒಳಗಿಂದ "ಹೋಯ್ತು, ಬಂತು" ಅಂತ ಕೂಗೋದು. ಪಟ್ಟಿ ಬರೆದು ಡಿಬಿ ಬಾಗಿಲ ಒಳಗೆ ಅಂಟಿಸಿದ್ದೇನೆ, ಕನ್ನಡದಲ್ಲೇ. ಖರ್ಚು 40 ರೂಪಾಯಿ.

ಡೊಂಬಿವಲಿಯವರು: ಸಿಂಗಲ್ ಪೋಲ್ ಎಂಸಿಬಿ ಇಳಿಸಿದರೆ ಫೇಸ್ ಮಾತ್ರ ಹೋಗುತ್ತದೆ. ನ್ಯೂಟ್ರಲ್ ಎಲ್ಲಿಗೆ ಸೇರಿದೆ ಅಂತ ನಿಮ್ಮ ಲ್ಯಾಂಪ್ ಹೇಳಿತಾ?

ಮಡಗಾಂವಿನವರು: ಹಚ್ಚೋದು ದೊಡ್ಡದಲ್ಲ, ಉಳಿಯಬೇಕಲ್ಲ! ಇಲ್ಲಿನ ಮಳೆಗಾಲಕ್ಕೆ ಕಾಗದದ ಸ್ಟಿಕರೆಲ್ಲ ಸುರುಳಿ ಸುತ್ತಿಕೊಂಡು ಬಿದ್ದವು. ಈಗ ಲೇಬಲ್ ಪ್ರಿಂಟರ್ ತಂದು ಪ್ಲಾಸ್ಟಿಕ್ ಟೇಪ್ ಹಾಕಿದ್ದೇನೆ, 1,900. ಇನ್ವರ್ಟರ್ ಲೈನ್ ಬೇರೆ ಬಣ್ಣದಲ್ಲಿ ಬರೆಸಿ. ನಮ್ಮಲ್ಲಿ ಮೇನ್ ಇಳಿಸಿ ಏಣಿ ಹತ್ತಿದವನಿಗೆ ಹಾಲ್ ಫ್ಯಾನ್ ಪಾಯಿಂಟಲ್ಲಿ ಶಾಕ್ ಹೊಡೆಯಿತು. ಅದು ಇನ್ವರ್ಟರ್ ಮೇಲಿದೆ ಅಂತ ಎಲ್ಲೂ ಬರೆದಿರಲಿಲ್ಲ. ಏಣಿ ಬಿದ್ದು ಶೋಕೇಸ್ ಗಾಜು ಹೋಯಿತು, 6,700. ಅವನ ಎಕ್ಸ್‌ರೇ ದುಡ್ಡೂ ನಾನೇ ಕೊಟ್ಟೆ. ಅಂದಹಾಗೆ ಕೋಥ್ರೂಡಿನವರೇ, ರಾತ್ರಿ ಬರೋ ಮರಾಠಿ ವೈರ್‌ಮನ್ ನಿಮ್ಮ ಕನ್ನಡ ಪಟ್ಟಿ ಹೇಗೆ ಓದುತ್ತಾನೆ?

ಕೋಥ್ರೂಡಿನವರು: ಮನೆ ನನ್ನದು, ಓದೋನೂ ನಾನೇ.

ಡೊಂಬಿವಲಿಯವರು: ನೀವು ಧಾರವಾಡಕ್ಕೆ ಹೋದಾಗ?

ಕೋಥ್ರೂಡಿನವರು: ಮೇನ್ ಇಳಿಸಿಯೇ ಹೋಗ್ತೀನಿ.

ಮಡಗಾಂವಿನವರು: ಮತ್ತೆ ಫ್ರಿಜ್ಜಲ್ಲಿ ಇರೋದು?

ಕೋಥ್ರೂಡಿನವರು: ನಮ್ಮನೆ ಫ್ರಿಜ್ಜಿನ ಉಸಾಬರಿ ನಿಮಗ್ಯಾಕೆ ಸ್ವಾಮಿ?