ಅಪ್‌ಡೇಟ್: ಪಡುವಣ ಗೋಡೆಯ ಕಪ್ಪು ಬೂಷ್ಟು ಹೋಯಿತು

ಬೆಳಗಾವಿಯ ನಮ್ಮ ಮನೆಯ ಪಡುವಣ ಹೊರಗೋಡೆಗೆ ಮಳೆಗಾಲದಲ್ಲಿ ಹತ್ತಿದ ಕಪ್ಪು ಬೂಷ್ಟನ್ನು ತೆಗೆಯುವುದು ಹೇಗೆಂದು ಎರಡು ವಾರದ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ವಿನೆಗರ್‌ಗೆ ಕಲೆ ಜಗ್ಗಲಿಲ್ಲ. ತಂತಿ ಬ್ರಷ್‌ನಿಂದ ಉಜ್ಜಿದಾಗ ಬೂಷ್ಟಿಗಿಂತ ಮೊದಲು ಬಣ್ಣವೇ ಕಿತ್ತು ಬಂತು; ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕೊನೆಗೆ ಫಲ ಕೊಟ್ಟದ್ದು ಬ್ಲೀಚಿಂಗ್ ಪೌಡರ್ ಬಳಸಲು ಹೇಳಿದ ಹಿರಿಯರ ಸಲಹೆ. ಪುಡಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನಷ್ಟೇ ಬಸಿದುಕೊಂಡು, ಕೈಗವಸು ತೊಟ್ಟು ಗೋಡೆಗೆ ಹಚ್ಚಿ, 15 ನಿಮಿಷ ಬಿಟ್ಟು ಮೆತ್ತನೆಯ ಬ್ರಷ್‌ನಿಂದ ತಿಕ್ಕಿ ತೊಳೆದಾಗ, ಕಪ್ಪು ಕಂದಾಗಿ, ಕಂದು ಮಾಸಿ, ಹಳೆಯ ಕೆನೆಬಣ್ಣ ಕಾಣಿಸಿತು. ಮೊದಲು ಹಚ್ಚಿದ ವಿನೆಗರನ್ನು ಪೂರ್ತಿ ತೊಳೆದ ಮೇಲೆಯೇ ಇದನ್ನು ಹಚ್ಚಬೇಕು, ಏಕೆಂದರೆ ಎರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಅಚ್ಚರಿಯೆಂದರೆ, ಒಂದು ಮೂಲೆಯ ಕಲೆ ಈ ನೀರಿಗೆ ಸ್ವಲ್ಪವೂ ತಿಳಿಯಾಗಲಿಲ್ಲ; ಅದು ಬೂಷ್ಟಲ್ಲ, ಬರೀ ಧೂಳಿನ ಜಿಡ್ಡು, ಸೋಪಿನ ನೀರಿಗೇ ಹೋಯಿತು. ಬೂಷ್ಟು ದಟ್ಟವಾಗಿದ್ದ ಜಾಗದ ನೇರ ಮೇಲೆ ಮಾಳಿಗೆಯ ಮಳೆನೀರಿನ ಪೈಪಿನ ಜಾಯಿಂಟ್ ಸೀಳಿ, ಗೋಡೆಗುಂಟ ನೀರು ಜಿನುಗುತ್ತಿತ್ತು. ಅದನ್ನು ಬದಲಾಯಿಸಿದ್ದೇನೆ, ಗೋಡೆ ಚೆನ್ನಾಗಿ ಒಣಗಿದ ಮೇಲೆ ಬೂಷ್ಟು ತಡೆಯುವ ಬಣ್ಣ ಹಚ್ಚಿಸಲಿದ್ದೇವೆ.